ಪಾಳೆಯಗಾರರ ಕಾಲದ ಕಾದಂಬರಿ

ಪಾಳೆಯಗಾರರ ಕಾಲದ ಕಾದಂಬರಿ ಕನ್ನಡ ಐತಿಹಾಸಿಕ ಕಾದಂಬರಿಯ ಒಂದು ಮುಖ್ಯ ಕವಲು. 1565ರಲ್ಲಿ ವಿಜಯನಗರ ಸೋತ ಮೇಲೆ 1799ರಲ್ಲಿ ಶ್ರೀರಂಗಪಟ್ಟಣ ಬೀಳುವವರೆಗೆ ಗಿರಿದುರ್ಗಗಳಲ್ಲಿ ನೆಲೆಸಿ ಆಳಿದ ನಾಯಕರು, ಗೌಡರು, ನವಾಬರು ಇದರ ಪಾತ್ರಗಳು. ಅರಮನೆಯ ಒಲವು, ರಾಜಕೀಯದ ಮದುವೆ, ಪಟ್ಟಕ್ಕಾಗಿ ನಡೆಯುವ ದಾಯಾದಿ ಕಲಹ, ದಳವಾಯಿ ಪ್ರಧಾನಿಗಳ ಒಳಸಂಚು ಇದರ ವಸ್ತು. ಓದುಗರಲ್ಲಿ ಹೈಸ್ಕೂಲು, ಕಾಲೇಜು ವಯಸ್ಸಿನವರ ಪಾಲು ಯಾವಾಗಲೂ ದೊಡ್ಡದು. ಹದಿಹರೆಯದವರಿಗೆಂದೇ ಬರೆದ ಐತಿಹಾಸಿಕ ಕಾದಂಬರಿಯ ಪರಂಪರೆ ಕನ್ನಡದಲ್ಲಿ ಗಟ್ಟಿಯಾಗಿ ಬೆಳೆಯಲಿಲ್ಲವಾದ್ದರಿಂದ, ಆ ಜಾಗವನ್ನು ಬಹುಮಟ್ಟಿಗೆ ಈ ಕಾದಂಬರಿಗಳೇ ತುಂಬಿವೆ.

ಈ ಲೇಖನ ಕಾದಂಬರಿ ಪ್ರಕಾರವನ್ನೂ, ತುಮಕೂರು ಜಿಲ್ಲೆಯ ಉತ್ತರ ಭಾಗದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಅದಕ್ಕೆ ಒದಗಿಸಿದ ಮತ್ತು ಇನ್ನೂ ಒದಗಿಸಬಲ್ಲ ವಸ್ತುವನ್ನೂ ಜೊತೆಯಾಗಿ ವಿವರಿಸುತ್ತದೆ. ಈ ನಾಲ್ಕೂ ಈಗ ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ.

ಪದಬಳಕೆ

ಇಲ್ಲಿ ‘ಪಾಳೆಯಗಾರ’ ಎಂದರೆ ಮೇಲಿನ ಪ್ರಭುತ್ವಕ್ಕೆ ಕಪ್ಪ ಕೊಟ್ಟು, ಕರೆದಾಗ ದಂಡು ಕಳಿಸಿ, ತನ್ನ ಸೀಮೆಯನ್ನು ತಾನೇ ಆಳುತ್ತಿದ್ದ ಒಡೆಯ. ಅವನ ಸೀಮೆ ಪಾಳೆಯಪಟ್ಟು. ಸೇನೆಯ ಮುಖ್ಯಸ್ಥ ದಳವಾಯಿ, ಆಡಳಿತದ ಮುಖ್ಯಸ್ಥ ಪ್ರಧಾನಿ. ಚಿತ್ರದುರ್ಗದ ಕಡೆ ನಾಯಕರ ಮನೆಯ ಹೆಂಗಸರಿಗೆ ನಾಗತಿ ಎಂಬ ಗೌರವದ ಹೆಸರಿದೆ. ಮನೆತನದ ವೃತ್ತಾಂತವನ್ನು ಬರೆದಿಟ್ಟ ಗದ್ಯ ಬಖೈರು. ಊರು, ಕೋಟೆ, ಒಡೆಯರ ಬಗ್ಗೆ ಸ್ಥಳೀಯರಿಂದ ಬರೆಸಿದ ವರದಿ ಕೈಫಿಯತ್ತು. ಶಿರಾದಲ್ಲಿ ಆಳಿದ ಮೊಗಲ್ ಅಧಿಕಾರಿ ಸುಬೇದಾರ. ಜನ ಅವನನ್ನು ನವಾಬ ಎಂದೇ ಕರೆದರು.

ಹುಟ್ಟು ಮತ್ತು ಬೆಳವಣಿಗೆ

ಅರಮನೆಯ ಒಲವು ಮತ್ತು ಹಗೆ ಕನ್ನಡಕ್ಕೆ ಕಾದಂಬರಿಯೊಂದಿಗೆ ಬಂದ ವಸ್ತುಗಳಲ್ಲ. 1209ರಲ್ಲಿ ಜನ್ನ ಬರೆದ ‘ಯಶೋಧರ ಚರಿತೆ’ಯಲ್ಲಿ ರಾಣಿ ಅಮೃತಮತಿ ಮಾವಟಿಗನಿಗೆ ಮನಸೋಲುತ್ತಾಳೆ. 16ನೆಯ ಶತಮಾನದ ನಂಜುಂಡ ಕವಿ ಕಂಪಿಲರಾಯನ ಮಗ ಕುಮಾರರಾಮನ ಕಥೆಯನ್ನು ಸಾಂಗತ್ಯದಲ್ಲಿ ಹಾಡಿದ. ಅಲ್ಲಿ ಮಲತಾಯಿ ರತ್ನಾಜಿಯ ಮೋಹವೇ ತಂದೆ ಮಗನ ನಡುವೆ ಕತ್ತಿ ಎತ್ತಿಸುತ್ತದೆ. 1648ರಲ್ಲಿ ಗೋವಿಂದ ವೈದ್ಯ ರಚಿಸಿದ ‘ಕಂಠೀರವ ನರಸರಾಜ ವಿಜಯ’ ತನ್ನ ಕಾಲದಲ್ಲೇ ನಡೆದದ್ದನ್ನು ಹೇಳಿದ ಕಾವ್ಯ: ಶಿರಾ ಸೀಮೆಯನ್ನು ಗೆದ್ದ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಶ್ರೀರಂಗಪಟ್ಟಣದ ಮೇಲೆ ಏರಿಹೋದ ಸಂಗತಿ ಅದರಲ್ಲಿದೆ.

ಕಾದಂಬರಿಯ ರೂಪ ಬಂದದ್ದು ಬಂಗಾಳಿ ಮತ್ತು ಮರಾಠಿಯ ದಾರಿಯಲ್ಲಿ. ಬಂಕಿಮಚಂದ್ರರು 1865ರಲ್ಲಿ ಬರೆದ ‘ದುರ್ಗೇಶನಂದಿನಿ’ಯನ್ನು ಬಿ. ವೆಂಕಟಾಚಾರ್ಯರು 1885ರಲ್ಲಿ ಕನ್ನಡಕ್ಕೆ ತಂದರು. ಕೋಟೆಯೊಡೆಯನ ಮಗಳು, ಅವಳನ್ನು ಮೆಚ್ಚುವ ರಜಪೂತ ಕುಮಾರ, ಅದೇ ಕುಮಾರನಿಗೆ ಮನಸ್ಸು ಕೊಡುವ ನವಾಬನ ಮಗಳು, ಅವಳನ್ನು ಬಯಸುವ ಪಠಾಣ ಸೇನಾನಿ: ಮುಂದಿನ ನೂರು ವರ್ಷ ಕನ್ನಡದ ಕಾದಂಬರಿಕಾರರು ಬೇರೆ ಬೇರೆ ಹೆಸರಿನಲ್ಲಿ ಬಳಸಿದ ಎಳೆಗಳೆಲ್ಲ ಈ ಒಂದು ಕಥೆಯಲ್ಲಿದ್ದವು. ಉತ್ತರ ಕರ್ನಾಟಕದಲ್ಲಿ ಗಳಗನಾಥರು (1869–1942) ಮರಾಠಿಯ ಹರಿನಾರಾಯಣ ಆಪ್ಟೆಯವರ ಕಾದಂಬರಿಗಳನ್ನು ಕನ್ನಡಿಸಿದರು. 1923ರಲ್ಲಿ ವಿಜಯನಗರದ ಹುಟ್ಟನ್ನು ಹೇಳುವ ‘ಮಾಧವ ಕರುಣಾ ವಿಲಾಸ’ವನ್ನು ಸ್ವಂತವಾಗಿ ಬರೆದರು. ಕೆರೂರು ವಾಸುದೇವಾಚಾರ್ಯರ ‘ಯದುಮಹಾರಾಜ’ ಇದೇ ಕಾಲದ್ದು. ಮೈಸೂರು ಸೀಮೆಯಲ್ಲಿ ಅಮಲ್ದಾರರಾಗಿದ್ದ ಎಂ.ಎಸ್. ಪುಟ್ಟಣ್ಣನವರು ಪಾಳೆಯಗಾರರ ಮನೆತನಗಳ ಚರಿತ್ರೆಯನ್ನು ತಿಳಿಗನ್ನಡದಲ್ಲಿ ಬರೆದು, ಕಾದಂಬರಿಕಾರರಿಗೆ ಕಚ್ಚಾ ವಸ್ತುವನ್ನು ಕೈಗೆಟುಕುವಂತೆ ಮಾಡಿದರು. ರಂಗಭೂಮಿಯಲ್ಲಿ ಸಂಸ (1898–1939) ಮೈಸೂರು ಒಡೆಯರ ಅರಮನೆಯ ಒಳಜಗಳವನ್ನೇ ‘ವಿಗಡ ವಿಕ್ರಮರಾಯ’ ನಾಟಕಕ್ಕೆ ವಸ್ತುವಾಗಿಸಿಕೊಂಡರು.

ಈ ಪ್ರಕಾರದ ಸಮೃದ್ಧಿಯ ಕಾಲ 1940ರ ದಶಕದ ಕೊನೆಯಿಂದ 1980ರ ದಶಕದವರೆಗಿನದು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಚನ್ನಬಸವ ನಾಯಕ’ ಮತ್ತು ‘ಚಿಕವೀರ ರಾಜೇಂದ್ರ’ (1956), ಅ.ನ. ಕೃಷ್ಣರಾಯರ ವಿಜಯನಗರದ ಸರಣಿ, ಕೆ.ವಿ. ಅಯ್ಯರ ‘ಶಾಂತಲಾ’, ಬಿ. ಪುಟ್ಟಸ್ವಾಮಯ್ಯನವರ ಕಲ್ಯಾಣದ ಕಾದಂಬರಿಗಳು, ತ.ರಾ. ಸುಬ್ಬರಾಯರ ಚಿತ್ರದುರ್ಗದ ಸರಣಿ, ಸಿ.ಕೆ. ನಾಗರಾಜರಾಯರ ‘ಪಟ್ಟಮಹಾದೇವಿ ಶಾಂತಲದೇವಿ’ ಈ ಅವಧಿಯವು. ಇವೆಲ್ಲ ಪಾಳೆಯಗಾರರ ಕಥೆಗಳಲ್ಲ. ಆದರೆ ರಾಣಿವಾಸದೊಳಗಿಂದ ರಾಜಕೀಯವನ್ನು ನೋಡುವ ಕ್ರಮವನ್ನು ಕನ್ನಡ ಓದುಗರಿಗೆ ರೂಢಿ ಮಾಡಿಸಿದವು ಇವೇ. ನಾಗರಾಜರಾಯರ ಹುಟ್ಟೂರು ಪಾವಗಡದ ಪಕ್ಕದ ಚಳ್ಳಕೆರೆ. ಅವರ ಕಾದಂಬರಿಗೆ 1983ರಲ್ಲಿ ಮೂರ್ತಿದೇವಿ ಪ್ರಶಸ್ತಿ ಬಂತು. ಅದೇ ವರ್ಷ ‘ಚಿಕವೀರ ರಾಜೇಂದ್ರ’ಕ್ಕಾಗಿ ಮಾಸ್ತಿಯವರು ಜ್ಞಾನಪೀಠ ಪಡೆದರು.

ನಾಲ್ಕು ತಾಲ್ಲೂಕುಗಳ ಮನೆತನಗಳು

ಮಧುಗಿರಿ. ಹಳೆಯ ದಾಖಲೆಗಳಲ್ಲಿ ಇದು ಮದ್ದಗಿರಿ. ಸುಮಾರು 3,930 ಅಡಿ ಎತ್ತರದ ಏಕಶಿಲಾ ಬೆಟ್ಟದ ಮೇಲೆ ಕೋಟೆಯಿದೆ. ತಪ್ಪಿಸಿಕೊಂಡ ಕುರಿಯೊಂದು ಮೈಯೆಲ್ಲ ನೀರು ತೊಟ್ಟಿಕ್ಕಿಸುತ್ತ ಬೆಟ್ಟದಿಂದ ಇಳಿದು ಬಂತೆಂದೂ, ಮೇಲೆ ಚಿಲುಮೆಯಿರುವುದನ್ನು ಅದರಿಂದ ತಿಳಿದ ರಾಜಾ ಹಿರೇಗೌಡ ಕೋಟೆ ಕಟ್ಟಿಸಿದನೆಂದೂ ಐತಿಹ್ಯ. ರಾಮೇಗೌಡ, ತಿಮ್ಮೇಗೌಡ ಎಂಬಿಬ್ಬರು ಜೊತೆಯಾಗಿ ಆಳುತ್ತಿದ್ದಾಗ, 1678ರಲ್ಲಿ ಚಿಕ್ಕದೇವರಾಜ ಒಡೆಯರ ಸೇನೆ ಕೋಟೆಯನ್ನು ಹಿಡಿಯಿತು. ಬೆಟ್ಟ ಹತ್ತುವವರು ಅಂತರಾಳದ ಬಾಗಿಲು, ದಿಡ್ಡಿಬಾಗಿಲು, ಮೈಸೂರು ಬಾಗಿಲುಗಳನ್ನು ಇಂದಿಗೂ ಕಾಣಬಹುದು; ತುದಿಯಲ್ಲಿ ಗೋಪಾಲಕೃಷ್ಣ ದೇವಾಲಯದ ಅವಶೇಷವಿದೆ. ತಾಲ್ಲೂಕಿನ ಇನ್ನೊಂದು ದುರ್ಗ ಮಿಡಿಗೇಶಿ. ಹಿಮ್ಮಡಿ ಮುಟ್ಟುವಷ್ಟು ನೀಳ ಕೂದಲಿದ್ದ ಅರಸಿಯೊಬ್ಬಳ ನೆನಪನ್ನು ಜನ ಆ ಕೋಟೆಗೆ ಅಂಟಿಸಿದ್ದಾರೆ.

ಕನ್ನಡದ ದೊಡ್ಡ ಕಾದಂಬರಿಯೊಂದರೊಡನೆ ಈ ಸೀಮೆಗಿರುವ ಅತಿ ಹತ್ತಿರದ ನಂಟು ಮಧುಗಿರಿ ಕೋಟೆಯದು. ಮಾಸ್ತಿಯವರ ‘ಚನ್ನಬಸವ ನಾಯಕ’ ಬಿದನೂರಿನ ಕೆಳದಿ ಅರಸರ ಕೊನೆಗಾಲದ ಕಥೆ. ಬಸಪ್ಪ ನಾಯಕ 1755ರಲ್ಲಿ ತೀರಿಕೊಂಡಾಗ ದತ್ತುಮಗ ಚನ್ನಬಸವ ಇನ್ನೂ ಎಳೆಯ; ಅಧಿಕಾರ ರಾಣಿ ವೀರಮ್ಮಾಜಿಯ ಕೈಯಲ್ಲಿತ್ತು. ಆಸ್ಥಾನದವನೊಬ್ಬನೊಡನೆ ಅವಳಿಗಿದ್ದ ಸಂಬಂಧವನ್ನು ಹುಡುಗ ಎದುರಿಸಿದ್ದು ಅವನ ಸಾವಿಗೆ ಕಾರಣವಾಯಿತೆಂಬ ಮಾತು ಹಬ್ಬಿತು. ರಾಣಿ ಸೋಮಶೇಖರನೆಂಬ ಇನ್ನೊಬ್ಬ ಬಾಲಕನನ್ನು ದತ್ತು ತೆಗೆದುಕೊಂಡು ಆಳ್ವಿಕೆ ಮುಂದುವರಿಸಿದಳು. ಕೆಲವು ವರ್ಷಗಳ ಮೇಲೆ, ತಾನೇ ಸಾಯದೆ ಉಳಿದ ಚನ್ನಬಸವನೆಂದು ಹೇಳಿಕೊಂಡ ಯುವಕನೊಬ್ಬ ಚಿತ್ರದುರ್ಗದ ನಾಯಕನ ಮೂಲಕ ಹೈದರಾಲಿಯನ್ನು ಕಂಡ. ಆ ನೆಪದಲ್ಲಿ ಹೊರಟ ಹೈದರ್ 1763ರ ಮಾರ್ಚಿನಲ್ಲಿ ಬಿದನೂರನ್ನು ಗೆದ್ದ. ಗೆದ್ದ ಮೇಲೆ ರಾಣಿಯನ್ನು, ಅವಳ ಪ್ರಿಯನನ್ನು, ದತ್ತುಮಗನನ್ನು, ಅವಳ ಎದುರಾಳಿಯಾಗಿ ಬಂದಿದ್ದ ಆ ಹಕ್ಕುದಾರನನ್ನೂ ಕೂಡಿಯೇ ಸೆರೆಗೆ ಕಳಿಸಿದ. ಸೆರೆಯಿದ್ದ ಜಾಗ ಮಧುಗಿರಿ. ಪಟ್ಟಕ್ಕಾಗಿ ಒಬ್ಬರ ಮೇಲೊಬ್ಬರು ಕತ್ತಿ ಮಸೆದವರು ಒಂದೇ ಕೋಟೆಯ ಗೋಡೆಗಳೊಳಗೆ ಸುಮಾರು ನಾಲ್ಕು ವರ್ಷ ಕಳೆದರು. 1767ರಲ್ಲಿ ಪೇಶ್ವೆ ಮಾಧವರಾಯ ಮಧುಗಿರಿಯನ್ನು ಹಿಡಿದು ರಾಣಿಯನ್ನೂ ಅವಳ ಮಗನನ್ನೂ ಬಿಡಿಸಿದ. ಪುಣೆಗೆ ಹೋಗುವ ದಾರಿಯಲ್ಲೇ ಅವಳು ತೀರಿಕೊಂಡಳು. ಬಿದನೂರಿನ ವೈಭವ, ಪತನಗಳಿಗೆ ದೊರಕಿದಷ್ಟು ಸಮರ್ಥ ಕಾದಂಬರಿ ಈ ನಾಲ್ಕು ವರ್ಷಗಳ ಮಧುಗಿರಿ ವಾಸಕ್ಕೆ ದೊರಕಿಲ್ಲ. ಈ ಸೀಮೆಯ ಚರಿತ್ರೆಯಲ್ಲಿ ಇದಕ್ಕಿಂತ ತೀವ್ರವಾದ ಕಥಾವಸ್ತು ಕಾಣಸಿಗುವುದು ಕಷ್ಟ.

ಶಿರಾ. ಇಲ್ಲಿನ ಊರು, ಕೋಟೆಗಳಿಗೆ ಬುನಾದಿ ಹಾಕಿದವನು ರತ್ನಗಿರಿಯ ರಂಗಪ್ಪ ನಾಯಕನೆಂದು ಹೇಳಿಕೆ. ಕೆಲಸ ಮುಗಿಯುವ ಮೊದಲೇ, 1638ರಲ್ಲಿ, ರಣದುಲ್ಲಾ ಖಾನ್ ಅದನ್ನು ವಶಪಡಿಸಿಕೊಂಡ. ಬಿಜಾಪುರದ ಅಧಿಕಾರಿ ಮಲಿಕ್ ರಿಹಾನನ ಗೋರಿ (1651) ಇಲ್ಲಿದೆ. 1687ರಲ್ಲಿ ಶಿರಾ ಮೊಗಲರ ಸುಬಾ ಆಯಿತು. ಖಾಸಿಂ ಖಾನ್ ಅದರ ಮೊದಲ ಸುಬೇದಾರ. ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣೆಗಳು ಅದಕ್ಕೆ ಸೇರಿದ್ದವು. 1696ರ ಜುಮ್ಮಾ ಮಸೀದಿ ಆ ಕಾಲದ್ದು. ಶಿರಾ ಉಚ್ಛ್ರಾಯಕ್ಕೆ ಏರಿದ್ದು ಸುಬೇದಾರ ದಿಲಾವರ ಖಾನನ ಕಾಲದಲ್ಲಿ. ಅವನ ಅರಮನೆ ಬೆಂಗಳೂರು, ಶ್ರೀರಂಗಪಟ್ಟಣದ ಅರಮನೆಗಳಿಗೆ ಮಾದರಿಯಾಯಿತೆಂದೂ, ಇಲ್ಲಿನ ಖಾನ್ ಬಾಗ್ ತೋಟವನ್ನು ನೋಡಿಯೇ ಹೈದರ್ ಲಾಲ್‌ಬಾಗಿಗೆ ಮನಸ್ಸು ಮಾಡಿದನೆಂದೂ ಹೇಳಲಾಗುತ್ತದೆ. ಪಾರಸಿ ಬಲ್ಲ ದರ್ಬಾರು, ತೋಟಗಳ ಬೆಡಗು, ಸುತ್ತಲಿನ ನಾಯಕರು ಕಪ್ಪ ಹೊತ್ತು ಬಂದು ಕಾಯುವ ಹಜಾರ: ಗಿರಿದುರ್ಗದ ಒರಟು ಬದುಕಿಗಿಂತ ಬೇರೆಯಾದ ನಗರದ ಸಿರಿವಂತ ಸಮಾಜ ಈ ಭಾಗದಲ್ಲಿ ರೂಪುಗೊಂಡದ್ದು ಇಲ್ಲಿ ಮಾತ್ರ.

ಶಿರಾದ ಸುಬೇದಾರಿಕೆಯ ಪೈಪೋಟಿ ಒಬ್ಬ ಹುಡುಗನ ಬಾಳನ್ನು ತಿರುಗಿಸಿದ್ದೂ ಉಂಟು. ಹೈದರಾಲಿಯ ತಂದೆ ಫತೇ ಮಹಮ್ಮದ್ ಸುಬೇದಾರ ದರ್ಗಾ ಕುಲಿ ಖಾನನ ಬಳಿ ಅಧಿಕಾರಿಯಾಗಿದ್ದ. ಸುಬೇದಾರ ತೀರಿದ ಮೇಲೆ ಅವನ ಮಗ ಅಬ್ದುಲ್ ರಸೂಲ್ ಖಾನನಿಗೂ ಹೊಸದಾಗಿ ನೇಮಕವಾಗಿ ಬಂದ ತಾಹಿರ್ ಖಾನನಿಗೂ ಕದನವಾಯಿತು. ಅದರಲ್ಲಿ ಅಬ್ದುಲ್ ರಸೂಲನೂ ಅವನ ಪರವಾಗಿ ನಿಂತ ಫತೇ ಮಹಮ್ಮದನೂ ಸತ್ತರು. ದೊಡ್ಡಬಳ್ಳಾಪುರವನ್ನು ಹಿಡಿದುಕೊಂಡಿದ್ದ, ದರ್ಗಾ ಕುಲಿಯ ಇನ್ನೊಬ್ಬ ಮಗ ಅಬ್ಬಾಸ್ ಕುಲಿ ಖಾನ್, ಫತೇ ಮಹಮ್ಮದನ ಮನೆಯವರಿಂದ ಹಣ ಕೀಳಲೆಂದು ಬಾಲಕರಾದ ಶಹಬಾಜ್ ಮತ್ತು ಹೈದರರನ್ನು ನಗಾರಿಯೊಳಗೆ ಕೂಡಿಸಿ, ಮೇಲೆ ಚರ್ಮ ಬಿಗಿಸಿ ಬಾರಿಸಿದನೆಂದು ವಿಲ್ಕ್ಸ್‌ನ ಮೈಸೂರು ಇತಿಹಾಸದಲ್ಲಿದೆ. 1761ರಲ್ಲಿ ನಿಜಾಮನ ಸೋದರ ಬಸಾಲತ್ ಜಂಗನ ಜೊತೆ ಶಿರಾವನ್ನು ಗೆದ್ದು ‘ಶಿರಾದ ನವಾಬ’ ಎಂಬ ಪದವಿ ಪಡೆದ ಹೈದರ್ ಮುಂದೆ ದೊಡ್ಡಬಳ್ಳಾಪುರಕ್ಕೆ ಬಂದಾಗ, ಅಬ್ಬಾಸ್ ಕುಲಿ ಮದರಾಸಿಗೆ ಓಡಿಹೋದ. ಮುಂದೆ ಟಿಪ್ಪು ಶಿರಾದ ಸಾವಿರಾರು ಕುಟುಂಬಗಳನ್ನು ಶ್ರೀರಂಗಪಟ್ಟಣದ ಬಳಿಯ ಗಂಜಾಂಗೆ ಸಾಗಿಸಿದ; ನಗರ ಇಳಿಮುಖವಾಯಿತು.

ಕೊರಟಗೆರೆ. ಈ ತಾಲ್ಲೂಕಿನ ಹೊಳವನಹಳ್ಳಿಯಲ್ಲಿ ಆಳಿದ ಭೈರೇಗೌಡರು ಆವತಿ ನಾಡಪ್ರಭುಗಳ ಬಳಿಯವರು. ಕೊರಟಗೆರೆಯೂ ಈ ಮನೆತನದ್ದೇ. ಮನೆತನದ ಮೂಲಕಥೆ ಒಂದು ಒಲ್ಲದ ಮದುವೆಯ ಸುತ್ತ ಇದೆ. ಕಂಚಿಯ ಕಡೆ ಬಲಿಷ್ಠ ಒಡೆಯನೊಬ್ಬ ರಣಭೈರೇಗೌಡನ ಮಗಳು ದೊಡ್ಡಮ್ಮನನ್ನು ಮದುವೆಗೆ ಕೇಳಿದ. ಕುಲ ಬೇರೆ, ಕೊಡಲು ಮನಸ್ಸಿಲ್ಲ, ಇಲ್ಲವೆನ್ನಲು ಬಲವಿಲ್ಲ. ಅಣ್ಣತಮ್ಮಂದಿರು ರಾತ್ರೋರಾತ್ರಿ ಬಂಡಿ ಕಟ್ಟಿಕೊಂಡು ಹೊರಟರು. ಪಾಲಾರ್ ನದಿ ತುಂಬಿ ಹರಿಯುತ್ತಿತ್ತು. ದೊಡ್ಡಮ್ಮ ಕಿವಿಯ ಒಡವೆಯನ್ನು ಬಿಚ್ಚಿ ಗಂಗೆಗೆ ಅರ್ಪಿಸಿದಾಗ ಹೊಳೆ ದಾರಿ ಬಿಟ್ಟಿತು, ಬೆನ್ನಟ್ಟಿದವರು ಆಚೆಯೇ ಉಳಿದರು. ದೇವನಹಳ್ಳಿ, ಚಿಕ್ಕಬಳ್ಳಾಪುರ, ಹೊಳವನಹಳ್ಳಿಯ ಪಾಳೆಯಪಟ್ಟುಗಳೆಲ್ಲ ತಮ್ಮ ಆರಂಭವನ್ನು ಹೇಳುವುದು ಈ ಹುಡುಗಿಯ ಹೆಸರಿನಿಂದ. ತಾಲ್ಲೂಕಿನ ಚನ್ನರಾಯನದುರ್ಗ ಮರಾಠರೂ ಮೈಸೂರಿನವರೂ ಕೈ ಬದಲಿಸಿಕೊಂಡ ಕೋಟೆ.

ಪಾವಗಡ. ನಿಡಗಲ್ಲು ದುರ್ಗ ಈ ತಾಲ್ಲೂಕಿನದು. ಮೊದಲು ನಿಡಗಲ್ಲು ಚೋಳರು ಆಳಿದರು. ಹರತಿ ಮನೆತನದ ನಾಯಕರು ಆಮೇಲೆ ಬಂದರು. ತಿಪ್ಪಳ ನಾಯಕ ತನ್ನ ಸೀಮೆಯನ್ನು ಏಳು ಗಂಡುಮಕ್ಕಳಿಗೆ ಹಂಚಿದನೆನ್ನುತ್ತಾರೆ. ಪಾಲಾದ ಸೀಮೆಗಳು ನೆರೆಯ ದೊಡ್ಡ ಪ್ರಭುತ್ವಗಳಿಗೆ ಒಂದೊಂದಾಗಿ ಮಣಿದವು. ಪಾವಗಡದ ಬೆಟ್ಟದ ಕೋಟೆಯ ಪಾಳೆಯಗಾರರನ್ನು ಸೋಲಿಸಿದವನೂ ಹೈದರಾಲಿ. ಮೂರು ಕಡೆ ಆಂಧ್ರದ ಗಡಿಯಿರುವ ಈ ತಾಲ್ಲೂಕಿನಲ್ಲಿ ಕನ್ನಡದ ಜೊತೆ ತೆಲುಗೂ ಮನೆಮಾತು.

ಆಕರಗಳು

ಕಾದಂಬರಿಕಾರರು ನೆಚ್ಚಿರುವ ಆಕರಗಳಲ್ಲಿ ಶಾಸನಗಳು ಮೊದಲು. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12ನೆಯ ಸಂಪುಟ (1904) ತುಮಕೂರು ಜಿಲ್ಲೆಯದು. ರೈಸ್ ಮತ್ತು ಸಿ. ಹಯವದನರಾಯರ ಗೆಜೆಟಿಯರುಗಳು ಪ್ರತಿ ಕೋಟೆಯ ಐತಿಹ್ಯವನ್ನು ಚಿಕ್ಕದಾಗಿ ಕೊಡುತ್ತವೆ. ಕರ್ನಲ್ ಮೆಕೆಂಜಿ ಸಂಗ್ರಹಿಸಿದ ಕೈಫಿಯತ್ತುಗಳಲ್ಲಿ ಕನ್ನಡದವನ್ನು ಎಂ.ಎಂ. ಕಲಬುರ್ಗಿಯವರು ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ 1994ರಲ್ಲಿ ಪ್ರಕಟಿಸಿತು. ಯಾರು ಯಾರ ಮಗಳನ್ನು ತಂದರು, ಯಾವ ರಾಣಿಯ ಮಗನಿಗೆ ಪಟ್ಟ ತಪ್ಪಿತು ಎಂಬ ಮನೆಯೊಳಗಿನ ಸುದ್ದಿ ಶಾಸನಗಳಲ್ಲಿ ಸಿಗುವುದು ಅಪರೂಪ, ಬಖೈರು ಕೈಫಿಯತ್ತುಗಳಲ್ಲಿ ಹೇರಳ. ಈ ಪ್ರಕಾರಕ್ಕೆ ಅವೇ ಜೀವಾಳ. ಲಾವಣಿ, ಕೋಲಾಟದ ಪದ, ದೇವರ ಕಥೆಗಳು ಉಳಿದ ಭಾಗವನ್ನು ತುಂಬುತ್ತವೆ.

ರಚನೆ

ಈ ಕಾದಂಬರಿಗಳ ಹಂದರ ಬಹುಮಟ್ಟಿಗೆ ಒಂದೇ. ಒಡೆಯ ಸಾಯುತ್ತಾನೆ ಅಥವಾ ಸಾಯುವ ಹಂತದಲ್ಲಿರುತ್ತಾನೆ. ಉತ್ತರಾಧಿಕಾರಿ ಎಳೆಯ, ಅಥವಾ ಇಲ್ಲವೇ ಇಲ್ಲ. ಹಿರಿಯ ರಾಣಿ, ದಳವಾಯಿ, ಪ್ರಧಾನಿ ಮೂವರೂ ಒಬ್ಬೊಬ್ಬ ಹುಡುಗನ ಬೆನ್ನಿಗೆ ನಿಲ್ಲುತ್ತಾರೆ. ಮದುವೆಯ ಮಾತುಕತೆ ಒಪ್ಪಂದದ ಇನ್ನೊಂದು ಹೆಸರಾಗುತ್ತದೆ. ಹುಡುಗ ಅಥವಾ ಹುಡುಗಿಯ ಸ್ವಂತ ಒಲವು ಆ ಒಪ್ಪಂದಕ್ಕೆ ಅಡ್ಡ ಬಂದಾಗ ಕಥೆ ಬಿಗಿಯಾಗುತ್ತದೆ. ಮುತ್ತಿಗೆ ಬರುವುದು ಕೊನೆಗೆ. ಕೋಟೆ ಬೀಳುವುದು ಹೊರಗಿನ ಫಿರಂಗಿಯಿಂದ ಮಾತ್ರವಲ್ಲ, ಒಳಗೆ ಮೊದಲೇ ಬಿಟ್ಟ ಬಿರುಕಿನಿಂದ.

ತ.ರಾ. ಸುಬ್ಬರಾಯರ (1920–1984) ‘ದುರ್ಗಾಸ್ತಮಾನ’ (1982) ಇದಕ್ಕೆ ಉತ್ತಮ ನಿದರ್ಶನ. 1754ರಲ್ಲಿ ಕಸ್ತೂರಿ ರಂಗಪ್ಪ ನಾಯಕ ಮಕ್ಕಳಿಲ್ಲದೆ ತೀರಿಕೊಂಡಾಗ, ಜಾನಕಲ್ಲಿನಿಂದ ಬಂದ ಸುಮಾರು ಹನ್ನೆರಡು ವರ್ಷದ ಬಾಲಕನನ್ನು ಹಿರಿಯ ನಾಗತಿ ಓಬವ್ವನ ಬೆಂಬಲದಿಂದ ಪಟ್ಟಕ್ಕೆ ಕೂರಿಸಲಾಯಿತು. ಅವನೇ ಕೊನೆಯ ಮದಕರಿ ನಾಯಕ. ಆಡುವ ವಯಸ್ಸಿನಲ್ಲಿ ಮುದ್ರೆಯುಂಗುರ ಹಾಕಿಕೊಂಡ ಹುಡುಗ ಯಾರನ್ನು ನಂಬಬೇಕು, ಯಾರನ್ನು ದೂರವಿಡಬೇಕು ಎಂದು ಒಂದೊಂದೇ ಪೆಟ್ಟು ತಿಂದು ಕಲಿಯುವುದು, ಬಂಗಾರವ್ವ, ಪದ್ಮವ್ವ ಎಂಬ ಇಬ್ಬರು ನಾಗತಿಯರೊಡನೆ ಬಾಳುವುದು, ಹೈದರನ ಸ್ನೇಹ ಹಗೆಯಾಗಿ ತಿರುಗಿ 1779ರಲ್ಲಿ ದುರ್ಗ ಕೈಬಿಡುವುದು ಕಾದಂಬರಿಯ ಹರಹು. ದೊಡ್ಡ ಗಾತ್ರದ ಈ ಕೃತಿಯನ್ನು ಹದಿನಾರು ಹದಿನೇಳರ ವಯಸ್ಸಿನವರು ಕೆಳಗಿಡದೆ ಓದುವುದಕ್ಕೆ, ನಾಯಕನೂ ಅವರ ಕಣ್ಣೆದುರೇ ಬೆಳೆಯುವುದು ಒಂದು ಕಾರಣ. 1985ರಲ್ಲಿ, ಲೇಖಕರ ನಿಧನಾನಂತರ, ಇದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಭಾಷೆಯಲ್ಲಿ ಎರಡು ಪದರ. ದರ್ಬಾರಿನಲ್ಲಿ ‘ಬುದ್ಧಿ’, ‘ಖಾವಂದರು’, ‘ಅಪ್ಪಣೆ’ಗಳ ಒತ್ತಾದ ನುಡಿ, ರಾಣಿವಾಸದಲ್ಲಿ ‘ಅವ್ವ’, ‘ತಾಯಿ’, ‘ಮಗ’ ಎಂಬ ಮನೆಯ ಮಾತು. ಒಂದೇ ಪಾತ್ರ ಒಂದರಿಂದ ಇನ್ನೊಂದಕ್ಕೆ ಜಾರುವ ಕ್ಷಣದಲ್ಲಿ ಅದರ ಮನಸ್ಸು ತೆರೆಯುತ್ತದೆ. ತ.ರಾ.ಸು. ಇದನ್ನು ಬಲ್ಲವರು. ಹೆಚ್ಚಿನ ಅನುಕರಣೆಗಳು ಸೋತದ್ದು ಇಲ್ಲೇ: ಎಲ್ಲ ಪಾತ್ರಗಳೂ ಹೊತ್ತುಗೊತ್ತಿಲ್ಲದೆ ನಾಟಕದ ಭಾಷೆಯಾಡುತ್ತವೆ.

ಬಗೆಗಳು

ಪಟ್ಟದ ಕಾದಂಬರಿ ಇವುಗಳಲ್ಲಿ ದೊಡ್ಡ ಬಗೆ. ತ.ರಾ.ಸು. ಅವರ ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಎಂಬ ತ್ರಿವಳಿ 17ನೆಯ ಶತಮಾನದ ಕೊನೆಯಲ್ಲಿ ಚಿತ್ರದುರ್ಗದಲ್ಲಿ ದಳವಾಯಿಗಳು ಎಬ್ಬಿಸಿದ ದಂಗೆಯಿಂದ ಹೊರಟು, ಅಧಿಕಾರ ಭರಮಣ್ಣ ನಾಯಕನ ಕೈಗೆ ಬರುವವರೆಗೆ ಸಾಗುತ್ತದೆ. ‘ಕಸ್ತೂರಿ ಕಂಕಣ’, ‘ರಾಜ್ಯದಾಹ’, ‘ಹೊಸಹಗಲು’, ‘ವಿಜಯೋತ್ಸವ’ ಇದೇ ಮಾಲೆಗೆ ಸೇರುತ್ತವೆ. ಬಿ.ಎಲ್. ವೇಣು ಅವರು ಭರಮಣ್ಣ ನಾಯಕ, ಮದಕರಿ ನಾಯಕರನ್ನು ಕುರಿತು ಬರೆದು ಈ ಪರಂಪರೆಯನ್ನು ಮುಂದುವರಿಸಿದರು.

ರಾಣಿಯ ಕಾದಂಬರಿಯಲ್ಲಿ ಕೇಂದ್ರ ಹೆಣ್ಣು. ವೀರಮ್ಮಾಜಿ, ಹೊಯ್ಸಳರ ಶಾಂತಲೆ, ಈಚಿನದರಲ್ಲಿ ಗಜಾನನ ಶರ್ಮ ಅವರು ಬರೆದ ಗೇರುಸೊಪ್ಪೆಯ ಚೆನ್ನಭೈರಾದೇವಿ ಈ ಸಾಲಿನವರು. ಶಾಂತಲೆ 1131ರಲ್ಲಿ ಪ್ರಾಣಬಿಟ್ಟ ಶಿವಗಂಗೆ ತುಮಕೂರಿಗೆ ಹತ್ತಿರ.

ಕಟ್ಟು ಮೀರಿದ ಒಲವಿನ ಕಥೆಗಳಲ್ಲಿ ಕುಲ, ಧರ್ಮ, ಶತ್ರುಪಾಳೆಯಗಳ ಗೆರೆ ದಾಟುವ ಪ್ರೇಮವಿರುತ್ತದೆ. ವೇಣು ಅವರ ಕಥೆಯನ್ನು ಆಧರಿಸಿ ಟಿ.ಎಸ್. ನಾಗಾಭರಣ ನಿರ್ದೇಶಿಸಿದ ‘ಕಲ್ಲರಳಿ ಹೂವಾಗಿ’ (2006) ಮದಕರಿ ನಾಯಕನ ಕಾಲದ ಹಿಂದೂ ಯುವಕ, ಮುಸ್ಲಿಂ ಯುವತಿಯ ಒಲವನ್ನು ತೋರಿಸಿ, ರಾಷ್ಟ್ರೀಯ ಭಾವೈಕ್ಯಕ್ಕಾಗಿ ಕೊಡುವ ನರ್ಗಿಸ್ ದತ್ ಪ್ರಶಸ್ತಿ ಪಡೆಯಿತು. ನಾಯಕರೂ ನವಾಬರೂ ಒಂದೇ ಹಗಲಿನ ದಾರಿಯಲ್ಲಿದ್ದ ಶಿರಾ ಸೀಮೆಗೆ ಈ ಬಗೆ ತೀರ ಸಹಜವಾಗಿ ಒಗ್ಗುತ್ತದೆ.

ನಿಧಿ, ಸಂಕೇತ, ಶೋಧನೆಗಳ ಇತಿಹಾಸ ಕಾದಂಬರಿ ಹೊಸದು. ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯ ಅವರ ‘ಕರಿಸಿರಿಯಾನ’ದಂಥ ಕೃತಿಗಳಲ್ಲಿ ಇಂದಿನ ಪಾತ್ರಗಳು ಹಳೆಯ ದಾಖಲೆಗಳ ಬೆನ್ನು ಹತ್ತುತ್ತವೆ; ಅರಮನೆಯ ಒಲವು ಇಲ್ಲಿ ಹಿನ್ನೆಲೆಗೆ ಸರಿಯುತ್ತದೆ.

ಓದು ಮತ್ತು ಬಳಕೆ

1949ರಲ್ಲಿ ಆರಂಭವಾದ ಕನ್ನಡ ‘ಚಂದಮಾಮ’ ರಾಜಕುಮಾರ, ಮಂತ್ರಿ, ಸೇನಾಪತಿಗಳ ಲೋಕವನ್ನು ಮಕ್ಕಳಿಗೆ ಪರಿಚಯಿಸಿತು. ರಾಷ್ಟ್ರೋತ್ಥಾನ ಸಾಹಿತ್ಯದ ‘ಭಾರತ-ಭಾರತಿ’ ಕಿರುಪುಸ್ತಕ ಮಾಲೆ, ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ 500ಕ್ಕೂ ಹೆಚ್ಚು ಜೀವನಚರಿತ್ರೆಗಳನ್ನು ಶಾಲಾ ವಯಸ್ಸಿನವರಿಗೆ ತಲುಪಿಸಿತು. ಇವೆರಡರ ಓದಿನಿಂದ ನೇರವಾಗಿ ‘ದುರ್ಗಾಸ್ತಮಾನ’ಕ್ಕೆ ಜಿಗಿಯಬೇಕು, ನಡುವಿನ ಮೆಟ್ಟಿಲಾಗಿ ನೂರೈವತ್ತು ಪುಟದ, ಹದಿಹರೆಯದವರೇ ಮುಖ್ಯಪಾತ್ರಗಳಾದ ಐತಿಹಾಸಿಕ ಕಾದಂಬರಿಗಳು ವಿರಳ. ವಾರಪತ್ರಿಕೆಗಳ ಧಾರಾವಾಹಿಗಳು ಒಂದು ಕಾಲಕ್ಕೆ ಈ ಕೊರತೆಯನ್ನು ಮರೆಸಿದ್ದವು. ಮನೆಗೆ ಬಂದ ‘ಸುಧಾ’, ‘ತರಂಗ’, ‘ಕರ್ಮವೀರ’ಗಳನ್ನು ಅಮ್ಮ ಓದಿದ ಮೇಲೆ ಮಗಳು ಓದುತ್ತಿದ್ದಳು, ಕಂತು ಕಂತಾಗಿ ಕತ್ತರಿಸಿ ಹೊಲಿದು ಇಟ್ಟುಕೊಳ್ಳುವ ಮನೆಗಳೂ ಇದ್ದವು.

ಸಿನಿಮಾ ಈ ವಸ್ತುವನ್ನು ಬಿಟ್ಟಿಲ್ಲ. ‘ಗಂಡುಗಲಿ ಕುಮಾರರಾಮ’ (2006), ವೇಣು ಅವರ ಕಾದಂಬರಿ ಆಧರಿಸಿದ ‘ಬಿಚ್ಚುಗತ್ತಿ’ (2020) ಇದೇ ಬಗೆಯವು. ಶಿರಾ ತಾಲ್ಲೂಕಿನ ಬರಗೂರಿನವರಾದ ಬರಗೂರು ರಾಮಚಂದ್ರಪ್ಪ ಜನ್ನನ ಕಾವ್ಯವನ್ನು ಮರುವ್ಯಾಖ್ಯಾನಿಸಿ ‘ಅಮೃತಮತಿ’ ಚಲನಚಿತ್ರ ಮಾಡಿದರು. ಕಾವ್ಯ ತಪ್ಪಿತಸ್ಥಳೆಂದ ರಾಣಿಯ ಕಡೆಯಿಂದ ಕಥೆಯನ್ನು ನೋಡುವ ಪ್ರಯತ್ನ ಅದು.

ಇಂದಿನ ಸ್ಥಿತಿ

ತ.ರಾ.ಸು., ಮಾಸ್ತಿ, ನಾಗರಾಜರಾಯರ ಕೃತಿಗಳು ಮರುಮುದ್ರಣ ಕಾಣುತ್ತಲೇ ಇವೆ. ಮೈಲ್ಯಾಂಗ್‌ನಂಥ ಸಂಸ್ಥೆಗಳಿಂದ ಕನ್ನಡ ಪುಸ್ತಕ ಮೊಬೈಲಿನಲ್ಲಿ ಓದಲೂ ಕೇಳಲೂ ಸಿಗುತ್ತಿದೆ. 2020ರ ನವೆಂಬರಿನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ಹಳ್ಳಿಯ ವಿದ್ಯಾರ್ಥಿ ಕಾದಂಬರಿ ಮುಟ್ಟುವುದು ಈಗ ಹೆಚ್ಚಾಗಿ ಅಲ್ಲಿ.

ಚಿತ್ರದುರ್ಗದ ಹೆಸರು ಕನ್ನಡ ಓದುಗರ ನಾಲಿಗೆಯ ಮೇಲಿದೆ. ನಿಡಗಲ್ಲು, ಮಿಡಿಗೇಶಿ, ಹೊಳವನಹಳ್ಳಿಗಳಿಗೆ ಆ ಅದೃಷ್ಟ ಬರಲಿಲ್ಲ. ಕಾರಣ ವಸ್ತುವಿನ ಬಡತನವಲ್ಲ. ದುರ್ಗದ ಮನೆತನ ಸುಮಾರು ಇನ್ನೂರು ವರ್ಷ ಒಂದೇ ಕಡೆ ನಿಂತು ಆಳಿತು, ಅದರ ಬಖೈರು ಉಳಿಯಿತು, ಅದೇ ಸೀಮೆಯ ತಳುಕಿನ ಮನೆತನದ ಬರಹಗಾರನೊಬ್ಬ ಅದಕ್ಕಾಗಿ ದಶಕಗಳನ್ನು ಕೊಟ್ಟ. ಈ ನಾಲ್ಕು ತಾಲ್ಲೂಕುಗಳಲ್ಲಿ ಪಾಳೆಯಪಟ್ಟುಗಳು ಚಿಕ್ಕವು, ಬಿಜಾಪುರ, ಮೊಗಲ್, ಮರಾಠ, ಮೈಸೂರು ಪ್ರಭುತ್ವಗಳ ನಡುವೆ ಮತ್ತೆ ಮತ್ತೆ ಕೈ ಬದಲಾದವು. ವೃತ್ತಾಂತಗಳು ಕನ್ನಡ, ತೆಲುಗು, ಪಾರಸಿ, ಮರಾಠಿಗಳಲ್ಲಿ ಚೆದುರಿಹೋದವು. ಪಾವಗಡದ ಕಡೆಯ ಕಥೆ ಬರೆಯುವವರಿಗೆ ತೆಲುಗು ಬೇಕು, ಶಿರಾದ ದರ್ಬಾರು ಬರೆಯುವವರಿಗೆ ಪಾರಸಿ ಆಕರಗಳ ಅನುವಾದ ಬೇಕು, ಮಧುಗಿರಿಯ ಸೆರೆವಾಸ ಬರೆಯುವವರು ಮರಾಠಿ ಕಾಗದಪತ್ರಗಳತ್ತಲೂ ಹೋಗಬೇಕು. ಕೈಫಿಯತ್ತುಗಳ ಮುದ್ರಿತ ಸಂಪುಟ ಮತ್ತು ಶಾಸನ ಸಂಪುಟಗಳು ಸಿಗುತ್ತಿರುವುದರಿಂದ, ಕನ್ನಡದ ಆಕರಗಳ ಮಟ್ಟಿಗೆ ಈ ಕೆಲಸ ಈಗ ತುಮಕೂರಿನ ಗ್ರಂಥಾಲಯದಲ್ಲೇ ಕುಳಿತು ಶುರುಮಾಡಬಹುದಾದದ್ದು.